ಸ್ಪ್ರಿಂಗ್‌ಗೆ ಬೆಂಕಿ ಹಿಡಿಯುವ ಮುನ್ನ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು, ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಹತ್ತೊಂಬತ್ತು ವರ್ಷದ ಮಗ ತಾನೇ ದುಡಿದ ದುಡ್ಡಿನಲ್ಲಿ 1969ರ ಷೆವ್ರೊಲೆ ಸಿ-10 ಪಿಕಪ್ ಕೊಂಡಿದ್ದಾನೆ. ಈಗ ಅದರ ಮುಂಭಾಗ ತಗ್ಗಿಸಬೇಕಂತೆ. ‘ಸ್ಪ್ರಿಂಗ್‌ಗೆ ಗ್ಯಾಸ್ ಹಿಡಿದರೆ ಅರ್ಧ ದಿನದ ಕೆಲಸ, ಕಾಸು ಖರ್ಚಿಲ್ಲ’ ಎಂದು ಗೆಳೆಯನೊಬ್ಬ ಹೇಳಿಕೊಟ್ಟಿದ್ದಾನೆ. ನನಗೆ ನಿದ್ದೆ ಬರುತ್ತಿಲ್ಲ. ಬೇಡ ಎಂದರೆ ಮಗ ಮಾತು ಬಿಡುತ್ತಾನೆ. ಏನು ಮಾಡಲಿ?

ಉತ್ತರ: ನಿಮ್ಮ ಭಯದಲ್ಲಿ ಅರ್ಧ ನಿಜವಿದೆ. ಆ ಅರ್ಧವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಉಳಿದದ್ದನ್ನು ಬಿಟ್ಟುಬಿಡಿ. ಗಾಡಿ ತಗ್ಗಿಸುವುದೇ ಅಪಾಯವಲ್ಲ. ಗ್ಯಾಸ್ ಹಿಡಿದು ತಗ್ಗಿಸುವುದು ಮಾತ್ರ ಖಂಡಿತ ಅಪಾಯ.

ಸ್ಪ್ರಿಂಗಿನ ಉಕ್ಕಿಗೆ ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಹದ ಕೊಟ್ಟಿರುತ್ತಾರೆ. ಬೆಂಕಿ ತಗುಲಿದ ಜಾಗದಲ್ಲಿ ಆ ಹದ ಹೋಗುತ್ತದೆ. ಎಡಗಡೆಯದು ಒಂದಿಂಚು ಕುಸಿದರೆ ಬಲಗಡೆಯದು ಒಂದೂವರೆ ಇಂಚು ಕುಸಿಯಬಹುದು. ಅಲ್ಲಿಗೇ ನಿಲ್ಲುತ್ತದೆ ಎಂಬ ಭರವಸೆಯೂ ಇಲ್ಲ, ಮುಂದೊಂದು ದಿನ ಅದೇ ಜಾಗದಲ್ಲಿ ಮುರಿಯಲೂಬಹುದು. ಈ ಒಂದು ವಿಷಯದಲ್ಲಿ ರಾಜಿ ಬೇಡ. ಮಗ ಮುನಿಸಿಕೊಂಡರೂ ಸರಿ, ಖಡಾಖಂಡಿತವಾಗಿ ಹೇಳಿ.

ಆದರೆ ಅದನ್ನು ಹೇಳುವಾಗಲೇ ಬೇರೆ ದಾರಿಯನ್ನೂ ಮುಂದಿಡಿ. ಡ್ರಾಪ್ ಸ್ಪಿಂಡಲ್ ಎಂಬ ಭಾಗ ಸಿಗುತ್ತದೆ. ಚಕ್ರ ಕೂರುವ ಕಡ್ಡಿಯನ್ನು ಅದರಲ್ಲಿ ಸಾಮಾನ್ಯವಾಗಿ ಎರಡೂವರೆ ಇಂಚು ಮೇಲಕ್ಕೆ ಇಟ್ಟಿರುತ್ತಾರೆ. ಚಕ್ರ ಮೇಲೇರಿದಷ್ಟು ಗಾಡಿ ಕೆಳಗಿಳಿಯುತ್ತದೆ. ಸ್ಪ್ರಿಂಗ್ ಹಳೆಯದೇ, ಚಕ್ರವನ್ನು ಚಾಸಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗಳ ಓರೆಯೂ ಮೊದಲಿನಂತೆಯೇ. ಗುಂಡಿಗೆ ಬಿದ್ದಾಗ ಚಕ್ರ ಎದ್ದಿಳಿಯಲು ಬೇಕಾದ ಜಾಗವೂ ಉಳಿಯುತ್ತದೆ. ಗಿಡ್ಡ ಸ್ಪ್ರಿಂಗ್ ಹಾಕಿದರೆ ಹಾಗಲ್ಲ. ಆರ್ಮ್‌ಗಳು ಮೇಲಕ್ಕೆ ಓರೆಯಾಗುತ್ತವೆ, ಚಕ್ರದ ನೆತ್ತಿ ಒಳಕ್ಕೆ ವಾಲುತ್ತದೆ, ಟೈರಿನ ಒಳಅಂಚು ಬೇಗ ಸವೆಯುತ್ತದೆ. ಸಣ್ಣ ಗುಂಡಿಗೂ ಆರ್ಮ್ ಹೋಗಿ ರಬ್ಬರ್ ಸ್ಟಾಪರ್‌ಗೆ ಬಡಿಯುತ್ತದೆ. ಒಂದಿಂಚಿನ ಗಿಡ್ಡ ಸ್ಪ್ರಿಂಗ್ ನಡೆದೀತು, ಜೊತೆಗೆ ಶಾಕ್ ಅಬ್ಸಾರ್ಬರ್ ಕೂಡ ಗಿಡ್ಡದ್ದೇ ಬೇಕು. ನನ್ನ ಆಯ್ಕೆ ಮಾತ್ರ ಸ್ಪಿಂಡಲ್.

1969ರ ಗಾಡಿ ಎಂದಿರಿ. ಅದರ ಮುಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕ್ ಇರುತ್ತದೆ, ಚಕ್ರಕ್ಕೆ ಆರು ಬೋಲ್ಟು. ಷೆವ್ರೊಲೆ ಈ ಪಿಕಪ್‌ಗೆ ಮುಂದೆ ಡಿಸ್ಕ್ ಬ್ರೇಕ್ ಕೊಟ್ಟಿದ್ದು 1971ರ ಮಾದರಿಯಿಂದ, ಬೋಲ್ಟು ಐದಾದದ್ದೂ ಆಗಲೇ. ಮಾರುಕಟ್ಟೆಯಲ್ಲಿ ಸಿಗುವ ಡ್ರಾಪ್ ಸ್ಪಿಂಡಲ್‌ಗಳು ಹೆಚ್ಚಾಗಿ ಡಿಸ್ಕ್‌ಗೆ ಮಾಡಿದವು. ಹಾಗಾಗಿ ತಗ್ಗಿಸುವ ನೆಪದಲ್ಲಿ ಮಗನ ಗಾಡಿಗೆ ಒಳ್ಳೆಯ ಬ್ರೇಕ್ ಬರುತ್ತದೆ, ತಂದೆಯಾಗಿ ನಿಮಗೆ ಇದಕ್ಕಿಂತ ನೆಮ್ಮದಿಯ ಸುದ್ದಿ ಇನ್ನೇನು ಬೇಕು! ಬ್ರೇಕಿನ ಮಾಸ್ಟರ್ ಸಿಲಿಂಡರ್, ಹಿಂದೆ-ಮುಂದೆ ಒತ್ತಡ ಹೊಂದಿಸುವ ಪ್ರೊಪೋರ್ಷನಿಂಗ್ ವಾಲ್ವ್ ಎರಡೂ ಡಿಸ್ಕ್‌ಗೆ ಹೊಂದುವಂಥವೇ ಆಗಿರಬೇಕು. ರೋಟರ್ ಆರು ಬೋಲ್ಟಿನದೋ ಐದರದೋ ಎಂದು ಕೊಳ್ಳುವ ಮೊದಲೇ ಕೇಳಲು ಹೇಳಿ. ಮುಂದೆ ಐದು, ಹಿಂದೆ ಆರು ಆದರೆ ಒಂದು ಸ್ಟೆಪ್ನಿ ಎರಡೂ ಕಡೆ ಕೂರುವುದಿಲ್ಲ.

ಇನ್ನು ಕೆಲಸದ ಗಳಿಗೆ. ನನಗೆ ನಿಜವಾಗಿ ಚಿಂತೆ ಇರುವುದು ಇಲ್ಲಿ. ಆರ್ಮ್‌ಗೂ ಸ್ಪಿಂಡಲ್‌ಗೂ ಕೊಂಡಿಯಾದ ಬಾಲ್ ಜಾಯಿಂಟ್ ಬಿಚ್ಚಿದ ಕ್ಷಣ ಒತ್ತಿ ಕೂತಿರುವ ಸ್ಪ್ರಿಂಗನ್ನು ಹಿಡಿದಿಡುವುದು ಏನೂ ಇರುವುದಿಲ್ಲ. ಅದು ಚಿಮ್ಮಿದರೆ ಎದುರಿಗಿದ್ದವರ ಜೀವಕ್ಕೇ ಸಂಚಕಾರ. ಚಾಸಿಯನ್ನು ಗಟ್ಟಿ ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಬೇಕು, ಬರೀ ಜಾಕ್ ನಂಬಿ ಕೆಳಗೆ ನುಸುಳಬಾರದು. ಕೆಳಗಿನ ಆರ್ಮ್‌ಗೆ ಜಾಕ್ ಒತ್ತು ಕೊಟ್ಟಿರಬೇಕು. ಸ್ಪ್ರಿಂಗ್ ಒಳಗಿಂದ ಸರಪಣಿ ತೂರಿಸಿ ಚಾಸಿಗೆ ಬಿಗಿಯಬೇಕು. ಬಾಲ್ ಜಾಯಿಂಟಿನ ನಟ್ಟನ್ನು ಕೆಲವೇ ಸುತ್ತು ಸಡಿಲಿಸಿ, ಪೂರ್ತಿ ತೆಗೆಯದೆ, ಸ್ಪಿಂಡಲಿನ ದಪ್ಪ ಕಿವಿಯ ಮೇಲೆ ಸುತ್ತಿಗೆಯಿಂದ ಒಂದೆರಡು ಏಟು ಹಾಕಬೇಕು. ‘ಟಕ್’ ಎಂದು ಅದು ಬಿಟ್ಟುಕೊಂಡಾಗಲೂ ನಟ್ಟು ಹಿಡಿದಿರುತ್ತದೆ. ಆಮೇಲೆ ಕೆಳಗಿನ ಜಾಕನ್ನು ತೀರಾ ನಿಧಾನವಾಗಿ ಇಳಿಸಬೇಕು. ಮರಳಿ ಜೋಡಿಸುವಾಗ ಹೊಸ ಕಾಟರ್ ಪಿನ್ ಹಾಕಬೇಕು, ಹಳೆಯದನ್ನು ನೆಟ್ಟಗೆ ಮಾಡಿ ತೂರಿಸುವ ಚಾಳಿ ಬೇಡ. ಸ್ಟೀರಿಂಗನ್ನು ಎರಡೂ ತುದಿಯವರೆಗೆ ತಿರುಗಿಸಿ ಬ್ರೇಕ್ ಹೋಸ್ ಎಲ್ಲೂ ಎಳೆಯುತ್ತಿಲ್ಲ, ಉಜ್ಜುತ್ತಿಲ್ಲ ಎಂದು ನೋಡಬೇಕು.

ಆ ದಿನ ನೀವು ಗ್ಯಾರೇಜಿನಲ್ಲಿರಿ. ಸ್ಪ್ಯಾನರ್ ಹಿಡಿಯಲು ಬಾರದಿದ್ದರೂ ಪರವಾಗಿಲ್ಲ, ಟಾರ್ಚ್ ಹಿಡಿದು ನಿಲ್ಲಿ. ಅದು ಕಾವಲು ಎಂದು ಅವನಿಗೆ ಅನ್ನಿಸಬಾರದು. ಈ ಗಾಡಿಯಲ್ಲಿ ಅವನಿಗೆ ಏನು ಕಂಡಿತು ಎಂದು ಮೊದಲೇ ಒಮ್ಮೆ ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ನೀವಿರುವ ಊರು ಸಾಮಾನ್ಯದ್ದಲ್ಲ. ತಗ್ಗಿಸಿದ ಗಾಡಿಗಳಿಗೇ ಮೀಸಲಾದ ಲೋರೈಡರ್ ಪತ್ರಿಕೆ 1977ರಲ್ಲಿ ಹುಟ್ಟಿದ್ದು ಸ್ಯಾನ್ ಹೋಸೆಯಲ್ಲೇ. ಮೆಕ್ಸಿಕನ್ ಮೂಲದ ಕುಟುಂಬಗಳಲ್ಲಿ ತಂದೆ, ಮಕ್ಕಳು, ಅಜ್ಜಂದಿರು ಸೇರಿಕೊಂಡೇ ಬೆಳೆಸಿದ ಕಲೆ ಇದು. ನಿಮ್ಮ ಮಗ ಅದರ ಗಾಳಿಯಲ್ಲೇ ಬೆಳೆದವನು.

ಕಾನೂನಿನ ಭಯವೂ ನಿಮಗಿದ್ದೀತು. ಭಾರತದಲ್ಲಿ ಗಾಡಿಯ ಮಾರ್ಪಾಡಿನ ವಿಷಯದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಗಿಯಾಗಿದೆ, ನಿಜ. ಆದರೆ ನೀವಿರುವ ಕ್ಯಾಲಿಫೋರ್ನಿಯಾದಲ್ಲಿ ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳಅಂಚಿಗಿಂತ ತಗ್ಗಿರಬಾರದೆಂಬ ಹಳೆಯ ನಿಯಮವಿತ್ತು, ಅದು 2024ರ ಆರಂಭದಿಂದ ರದ್ದಾಗಿದೆ. ಎರಡೂವರೆ ಇಂಚು ಇಳಿಸಿದ ಪಿಕಪ್ ಆ ಗೆರೆಯ ಹತ್ತಿರವೂ ಹೋಗುವುದಿಲ್ಲ. ವಿಮೆಯವರಿಗೆ ಬದಲಾವಣೆಯನ್ನು ಬರೆದು ತಿಳಿಸಿದರೆ ಸಾಕು.

ಕೆಲಸ ಮುಗಿದ ಮೇಲೆ ನೇರ ಅಲೈನ್‌ಮೆಂಟ್ ಅಂಗಡಿಗೆ ಹೋಗಲಿ, ಊರು ಸುತ್ತುವುದು ಆಮೇಲೆ. ಹಳೆಯ ಸಿ-10ರಲ್ಲಿ ಮೇಲಿನ ಆರ್ಮ್‌ನ ಬುಡಕ್ಕೆ ತೆಳು ಶಿಮ್‌ಗಳನ್ನು ಸೇರಿಸಿ, ತೆಗೆದು ಚಕ್ರದ ವಾಲು ಸರಿಮಾಡುತ್ತಾರೆ. ಅದು ಗೊತ್ತಿರುವ ಹಿರಿಯ ಮೆಕ್ಯಾನಿಕ್‌ನನ್ನೇ ಹುಡುಕಿ. ಹೆಡ್‌ಲೈಟಿನ ದಿಕ್ಕನ್ನೂ ಅಲ್ಲೇ ಹೊಂದಿಸಿಕೊಳ್ಳಲಿ.

ಮೂತಿ ಇಳಿದ ಮೇಲೆ ಹಿಂಭಾಗ ಎತ್ತಿ ಕಾಣುತ್ತದೆ, ಅದನ್ನೂ ಇಳಿಸೋಣ ಎಂದು ಅವನು ಕೇಳಿಯೇ ಕೇಳುತ್ತಾನೆ. ಅದು ಬೇರೆಯದೇ ಲೆಕ್ಕ. ಹಿಂದಿನ ಆಕ್ಸಲನ್ನು ಅಡ್ಡಡ್ಡ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್ ಇದ್ದಂತೆಯೇ ಇದ್ದರೆ, ಗಾಡಿ ಇಳಿದಷ್ಟೂ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಅದಕ್ಕೆ ಹೊಂದಿಸಬಲ್ಲ ರಾಡ್ ಬೇಕು, ಇನ್ನಷ್ಟು ದುಡ್ಡೂ ಬೇಕು. ಮುಂಭಾಗ ಮುಗಿಸಿ ಕೆಲವು ತಿಂಗಳು ಓಡಿಸಲಿ. ಆಮೇಲೂ ಆಸೆ ಇದ್ದರೆ ಆಗ ಬರೆಯಿರಿ, ಆ ಸಲ ಮಗನ ಕೈಯಲ್ಲೇ ಬರೆಸಿ.