ಸಕ್ಕರೆ ಕಾಯಿಲೆ: ಇರುವೆಯನ್ನು ನಂಬಬೇಡಿ

ಮೂತ್ರಕ್ಕೆ ಇರುವೆ ಮುತ್ತಿದರೆ ಮಾತ್ರ ಸಕ್ಕರೆ ಕಾಯಿಲೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಸಾಮಾನ್ಯವಾಗಿ ರಕ್ತದ ಸಕ್ಕರೆ ಸುಮಾರು 180 ಮಿ.ಗ್ರಾಂ. ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಇಳಿಯುತ್ತದೆ. ಕಾಯಿಲೆ ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಕಣ್ಣು, ಮೂತ್ರಪಿಂಡ, ಕಾಲಿನ ನರಗಳಿಗೆ ಸದ್ದಿಲ್ಲದೆ ಹಾನಿಯೂ ಆಗಿರಬಹುದು.

ಆದ್ದರಿಂದ ರಕ್ತಪರೀಕ್ಷೆಯೇ ಬೇಕು. ರಾತ್ರಿ ಊಟದ ನಂತರ ಕನಿಷ್ಠ 8 ಗಂಟೆ ಏನೂ ಸೇವಿಸಬಾರದು, ನೀರು ಕುಡಿಯಬಹುದು. ಬೆಳಿಗ್ಗೆ ತೋಟಕ್ಕೆ ಹೋಗುವ ಮೊದಲು ಒಂದು ಲೋಟ ಬೆಲ್ಲದ ಕಾಫಿ ಕುಡಿದು, "ನಾನು ಏನೂ ತಿಂದಿಲ್ಲ" ಎನ್ನುವವರಿದ್ದಾರೆ. ಅದು ಖಾಲಿ ಹೊಟ್ಟೆಯಲ್ಲ!

ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೆ 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆಯ ಬಳಿಕ 200 ಅಥವಾ ಹೆಚ್ಚು ಇದ್ದರೆ ಸಕ್ಕರೆ ಕಾಯಿಲೆ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಎಚ್ಚರಿಕೆಯ ಹಂತ. ಎರಡು-ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎವನ್‌ಸಿ ಪರೀಕ್ಷೆಯಲ್ಲಿ ಶೇ. 6.5 ಮಿತಿ; ಆದರೆ ರಕ್ತಹೀನತೆ ಇದ್ದವರಲ್ಲಿ ಇದು ತಪ್ಪು ತೋರಿಸಬಹುದು, ವೈದ್ಯರಿಗೆ ಮೊದಲೇ ತಿಳಿಸಿ. ಅತಿ ಬಾಯಾರಿಕೆ, ತೂಕ ಇಳಿಯುವಿಕೆಯಂಥ ಲಕ್ಷಣಗಳಿಲ್ಲದವರಿಗೆ ಒಂದೇ ವರದಿ ಸಾಲದು, ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಬೇಕು.

ಬೆರಳು ಚುಚ್ಚಿ ನೋಡುವ ಸಣ್ಣ ಯಂತ್ರ ಅನುಮಾನ ತಿಳಿಸಲು ಒಳ್ಳೆಯದು, ನಿರ್ಣಯ ಪ್ರಯೋಗಾಲಯದ್ದು. ಹಲಸಿನ ಹಣ್ಣು ಬಿಡಿಸಿದ ಕೈಯನ್ನು ತೊಳೆಯದೆ ಚುಚ್ಚಿದರೆ ಬೆರಳಿಗಂಟಿದ ರಸದ ಸಿಹಿಯೇ ಲೆಕ್ಕಕ್ಕೆ ಬರುತ್ತದೆ. ಸಾಬೂನು ಹಚ್ಚಿ ತೊಳೆದು, ಒರಸಿಕೊಳ್ಳಿ.

30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ.