ಚಳಿ ಇಳಿಯುವ ಕಾಲದ ಹವೆಯೂ ಹಿಂಗಾರಿ ಪೈರುಗಳೂ

ಬೀದರ, ಕಲಬುರಗಿ, ವಿಜಯಪುರ, ಬಾಗಲಕೋಟೆ, ರಾಯಚೂರು ಮೊದಲಾದ ಜಿಲ್ಲೆಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಮುಂತಾದ ಪೈರುಗಳು ಉತ್ತರೆ, ಹಸ್ತ, ಚಿತ್ತೆ ಮಳೆಗಳಿಂದ ನೆಲದಲ್ಲಿ ನಿಂತ ತೇವವನ್ನೇ ನಂಬಿ ಬೆಳೆಯತಕ್ಕವು. ಬಿತ್ತನೆಯಾದ ಮೇಲೆ ಇವುಗಳಿಗೆ ಮಳೆಯ ಆಸರೆ ಬಹಳ ಸ್ವಲ್ಪ. ಚಳಿಯೇ ಇವುಗಳ ಕಾವಲು. ಚಳಿಯಿರುವವರೆಗೆ ನೆಲದ ತೇವವು ಮೆಲ್ಲಗೆ ಖರ್ಚಾಗುತ್ತದೆ. ಚಳಿ ಬಿಟ್ಟೊಡನೆ ಬೇಗಬೇಗನೆ ಆರಿಹೋಗುತ್ತದೆ. ಚಳಿ ಬಂದುದನ್ನು ಎಲ್ಲರೂ ಅರಿಯುತ್ತಾರೆ. ಅದು ಯಾವಾಗ, ಯಾವ ರೀತಿಯಲ್ಲಿ ಇಳಿಯುತ್ತದೆ ಎಂಬುದನ್ನು ಗಮನಿಸುವವರು ಕಡಮೆ. ವರ್ಷದ ಕಾಳೂ ಎತ್ತುಗಳ ಕಣಿಕೆಯೂ ಬಹುಮಟ್ಟಿಗೆ ಈ ಎರಡನೆಯ ವಿಷಯವನ್ನೇ ಅವಲಂಬಿಸಿರುವುದರಿಂದ, ಅದನ್ನು ಕ್ರಮವಾಗಿ ತಿಳಿಯುವುದು ಅವಶ್ಯಕ.

ಚಳಿ ಬರುವ ಬಗೆ

ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟ ವಾಯುಕ್ಷೋಭೆಗಳು ಚಳಿಗಾಲದಲ್ಲಿ ಒಂದರ ಹಿಂದೊಂದಾಗಿ ಉತ್ತರ ಹಿಂದೂಸ್ಥಾನವನ್ನು ದಾಟಿ ಹೋಗುತ್ತವೆ. ಅವು ಹಿಮಾಲಯದಲ್ಲಿ ಹಿಮವನ್ನೂ ಬಯಲಿನಲ್ಲಿ ಸ್ವಲ್ಪ ಮಳೆಯನ್ನೂ ಕೊಟ್ಟು ಮುಂದೆ ಸಾಗಿದ ಮೇಲೆ, ಅವುಗಳ ಬೆನ್ನಹಿಂದೆ ಒಣಗಿದ ತಣ್ಣನೆಯ ಗಾಳಿಯು ದಕ್ಷಿಣದತ್ತ ಇಳಿದು ಬರುತ್ತದೆ. ಈ ಗಾಳಿ ದಖ್ಖನಿನ ಪ್ರಸ್ಥಭೂಮಿಯನ್ನು ಮುಟ್ಟಿದಾಗ ಆಕಾಶವು ನಿರ್ಮಲವಾಗಿರುತ್ತದೆ. ಹಗಲು ಕಾದ ನೆಲವು ರಾತ್ರಿಯಲ್ಲಿ ತನ್ನ ಶಾಖವನ್ನು ತಡೆಯಿಲ್ಲದೆ ಆಕಾಶಕ್ಕೆ ಬಿಟ್ಟುಕೊಡುವುದರಿಂದ ಬೆಳಗಿನ ಜಾವಕ್ಕೆ ಚಳಿ ತೀವ್ರವಾಗುತ್ತದೆ.

ಜನವರಿಯಲ್ಲಿ ಈ ಜಿಲ್ಲೆಗಳ ಕನಿಷ್ಠ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಬಯಲು ಸೀಮೆಯಲ್ಲಿ ಅದು 10 ಡಿಗ್ರಿಗೆ ಅಥವಾ ಅದಕ್ಕೂ ಕೆಳಗೆ ಇಳಿದು, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕಡಮೆಯಾದರೆ ಅದನ್ನು ಭಾರತ ಹವಾಮಾನ ಇಲಾಖೆಯವರು ಶೀತಗಾಳಿ ಎಂದು ಗಣಿಸುತ್ತಾರೆ. ತಣ್ಣನೆಯ ಗಾಳಿಯು ತೂಕವುಳ್ಳದ್ದಾದ್ದರಿಂದ ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಆದುದರಿಂದ ದಿನ್ನೆಯ ಹೊಲಕ್ಕಿಂತ ಹಳ್ಳದ ದಂಡೆಯ ಹೊಲದಲ್ಲಿ ಚಳಿಯ ಬಾಧೆ ಹೆಚ್ಚು. ಬೆಳಗಿನ ಹೊಗೆಯು ಮೇಲೇರದೆ ಊರಿನ ಮೇಲೆ ಚಾಪೆಯಂತೆ ಹರಡಿ ನಿಲ್ಲುವುದು ಇದಕ್ಕೆ ಸಾಕ್ಷಿ.

ಚಳಿ ಇಳಿಯುವ ಲಕ್ಷಣಗಳು

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಚಳಿ ಒಂದೇ ದಿನದಲ್ಲಿ ಹೋಗುವುದಿಲ್ಲ. ಅದರ ಲಕ್ಷಣಗಳು ಇವು:

1. ಉತ್ತರದಿಂದ ಬೀಸುತ್ತಿದ್ದ ಗಾಳಿ ಪೂರ್ವಕ್ಕೆ ಅಥವಾ ಆಗ್ನೇಯಕ್ಕೆ ತಿರುಗುತ್ತದೆ. ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಈ ಗಾಳಿಯಲ್ಲಿ ತೇವವಿರುತ್ತದೆ.

2. ಒಣ ಚಳಿಯಲ್ಲಿ ವಿರಳವಾಗಿದ್ದ ಇಬ್ಬನಿ ಹೆಚ್ಚುತ್ತದೆ. ಕೆಲವು ದಿನ ಮಂಜೂ ಕವಿಯುತ್ತದೆ.

3. ರಾತ್ರಿ ಮೋಡ ಕಾಣಿಸಿಕೊಳ್ಳುತ್ತದೆ. ಮೋಡವು ನೆಲಕ್ಕೆ ಹೊದಿಸಿದ ಕಂಬಳಿಯಂತಿದ್ದು ಶಾಖವನ್ನು ತಡೆಯುವುದರಿಂದ, ಮೊದಲು ಏರುವುದು ಹಗಲಿನ ಉಷ್ಣತೆಯಲ್ಲ, ರಾತ್ರಿಯದು.

4. ಕನಿಷ್ಠ ಉಷ್ಣತೆ ಮೂರು ನಾಲ್ಕು ರಾತ್ರಿ ಎಡೆಬಿಡದೆ ಏರುತ್ತ ಹೋಗುತ್ತದೆ.

ಒಂದೇ ಬೆಚ್ಚನೆಯ ರಾತ್ರಿಯನ್ನು ಕಂಡು ಚಳಿ ಮುಗಿಯಿತೆಂದು ತೀರ್ಮಾನಿಸಬಾರದು. ಉತ್ತರದಲ್ಲಿ ಮತ್ತೊಂದು ವಾಯುಕ್ಷೋಭೆ ದಾಟಿ ಹೋದರೆ ಫೆಬ್ರವರಿಯಲ್ಲಿಯೂ ಚಳಿ ಮರಳುವುದುಂಟು. ಹಗಲಿನ ಗರಿಷ್ಠ ಉಷ್ಣತೆಯಾದರೋ ಜನವರಿಯಲ್ಲಿ ಸುಮಾರು 30 ಡಿಗ್ರಿಯಿದ್ದುದು ಮಾರ್ಚ್ ತಿಂಗಳಿನ ಹೊತ್ತಿಗೆ ಕಲಬುರಗಿಯಂತಹ ಕಡೆಗಳಲ್ಲಿ 37 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಕಾಳು ತುಂಬುವ ಕೆಲಸವು ಈ ಏರಿಕೆಯ ನಡುವೆಯೇ ನಡೆಯಬೇಕು.

ಪೈರುಗಳ ಮೇಲಿನ ಪರಿಣಾಮ

ತಡವಾಗಿ ಬಿತ್ತಿದ ಜೋಳವು ಕಠಿಣ ಚಳಿಯಲ್ಲಿ ತೆನೆ ಹೊರಟರೆ ಪರಾಗವು ಸೊರಗಿ ತೆನೆಯಲ್ಲಿ ಜಳ್ಳು ಹೆಚ್ಚುತ್ತದೆ. ಎಂ 35-1 ಎಂಬ ಮಾಲದಂಡಿ ಜೋಳವು ಹಿಂಗಾರಿಯಲ್ಲಿ ಇಷ್ಟು ಕಾಲದಿಂದ ನೆಲೆನಿಂತಿರುವುದಕ್ಕೆ ಅದು ಚಳಿಯನ್ನೂ ತೇವದ ಕೊರತೆಯನ್ನೂ ತಕ್ಕಮಟ್ಟಿಗೆ ತಾಳುವುದೇ ಕಾರಣ. ಕಡಲೆಯು ಹೂವಿನಲ್ಲಿರುವಾಗ ಹಗಲುರಾತ್ರಿಗಳ ಸರಾಸರಿ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದರೆ ಹೂವು ಉದುರುತ್ತದೆ. ಹಗಲಿನ ಉಷ್ಣತೆ 35 ಡಿಗ್ರಿಯನ್ನು ಮೀರಿದರೂ ಕಾಯಿ ಕಟ್ಟುವುದು ಕುಗ್ಗುತ್ತದೆ. ಗೋಧಿಗೆ ಚಳಿ ಹಿತವಾದುದು. ಚಳಿ ಬೇಗನೆ ಬಿಟ್ಟರೆ ಅದರ ಕಾಳು ತುಂಬುವ ಮೊದಲೇ ಮಾಗಿ ಸುಕ್ಕಾಗುತ್ತದೆ.

ಬಿಸಿಲೇರಿ ತೇವ ತಗ್ಗಿದಾಗ ಜೋಳಕ್ಕೆ ಇನ್ನೊಂದು ಕೇಡುಂಟು. ಬುಡದ ಗಣ್ಣುಗಳ ಒಳಗೆ ದಂಟು ಟೊಳ್ಳಾಗಿ, ಸೀಳಿ ನೋಡಿದರೆ ಇದ್ದಲ ಪುಡಿಯಂತಹ ಕಪ್ಪು ಕಾಣುತ್ತದೆ. ಪೈರು ತೆನೆಯ ಭಾರಕ್ಕೆ ನೆಲಕ್ಕೊರಗುತ್ತದೆ. ಇದರಿಂದ ಕಾಳಿನ ಸಂಗಡ ಕಣಿಕೆಯೂ ಕೆಡುತ್ತದೆ. ನೀರಿನ ಸೌಕರ್ಯವಿದ್ದವರು ಕಾಳು ತುಂಬುವ ಕಾಲದಲ್ಲಿ ನೆಲವು ಒಣಗದಂತೆ ನೋಡಿಕೊಳ್ಳುವುದೇ ಇದಕ್ಕೆ ಮುಖ್ಯ ಪರಿಹಾರ.

ಹೊಂಡದ ನೀರಿನ ವಿನಿಯೋಗ

ಕೃಷಿಹೊಂಡದಲ್ಲಿಯೋ ಬಾವಿಯಲ್ಲಿಯೋ ಒಂದು ಸಲ ಕಟ್ಟುವಷ್ಟು ಮಾತ್ರ ನೀರಿರುವ ಹಿಡುವಳಿದಾರನಿಗೆ ಈ ಕಾಲದಲ್ಲಿ ಒಂದು ಸಂದಿಗ್ಧವುಂಟು. ಒದ್ದೆ ನೆಲವು ಶಾಖವನ್ನು ಹಿಡಿದಿಡುವುದರಿಂದ ಶೀತಗಾಳಿಯ ದಿನಗಳಲ್ಲಿ ತೆಳುವಾಗಿ ನೀರು ಕೊಡುವುದು ಹಿತ. ಆದರೆ ಆ ನೀರು ಮುಗಿದರೆ ಬಿಸಿಲೇರಿದಾಗ ಪೈರಿಗೆ ಗತಿಯಿಲ್ಲ. ಇದನ್ನು ಪೈರಿನ ಹಂತವನ್ನು ನೋಡಿ ನಿರ್ಣಯಿಸತಕ್ಕುದು.

ಜೋಳವು ಹೊಡೆ ಕಟ್ಟುವ ಅಥವಾ ಹೂವಾಡುವ ಹಂತದಲ್ಲಿದ್ದರೆ ನೀರನ್ನು ಕೂಡಿಡಬಾರದು; ಆಗಲೇ ಕೊಡಬೇಕು. ಕಾಳು ಹಾಲಿನ ಹಂತಕ್ಕೆ ಬಂದಿದ್ದರೆ, ಚಳಿ ಇಳಿಯುವ ಲಕ್ಷಣಗಳು ಕಾಣುವವರೆಗೆ ತಡೆದು, ನೆಲವು ದೊಡ್ಡದಾಗಿ ಬಿರಿಯುವ ಮೊದಲೇ ಕೊಡುವುದು ಲೇಸು. ಬಿರುಕು ಬಿಟ್ಟ ಎರೆಯಲ್ಲಿ ನೀರು ಸಾಲಿನಲ್ಲಿ ಹರಿಯದೆ ಬಿರುಕಿನೊಳಗೆ ಇಳಿದು ಹೋಗುತ್ತದೆ. ಕಾಳು ಗಟ್ಟಿಯಾದ ಜೋಳಕ್ಕೆ ನೀರು ವ್ಯರ್ಥ. ಅದನ್ನು ಕಾಯಿ ಕಟ್ಟುತ್ತಿರುವ ಕಡಲೆಗೆ ತಿರುಗಿಸಬೇಕು. ತುಂಬು ಹೂವಿನಲ್ಲಿರುವ ಕಡಲೆಗೆ ಮಾತ್ರ ನೀರು ಕಟ್ಟಬಾರದು. ಗಿಡವು ಸೊಪ್ಪಿಗೆ ಹೋಗಿ ಹೂವು ನಿಲ್ಲುವುದಿಲ್ಲ.

ಒಂದು ಎಕರೆಗೆ 5 ಸೆಂಟಿಮೀಟರ್ ಆಳ ನೀರು ನಿಲ್ಲಿಸಲು ಸುಮಾರು 2 ಲಕ್ಷ ಲೀಟರ್ ಬೇಕು. ಹಾಗಾದರೆ 8 ಲಕ್ಷ ಲೀಟರ್ ಹಿಡಿಯುವ ಹೊಂಡವು, ಆವಿಯಾಗಿಯೂ ಇಂಗಿಯೂ ಹೋಗುವುದನ್ನು ಕಳೆದರೆ, 4 ಎಕರೆಗೂ ಸಾಲದು. ಸಾಲು ಬಿಟ್ಟು ಸಾಲಿಗೆ ನೀರು ಹಾಯಿಸಿದರೆ ಅದೇ ನೀರು ಹೆಚ್ಚು ನೆಲಕ್ಕೆ ಒದಗುತ್ತದೆ. ನೀರೇ ಇಲ್ಲದವರು, ಪೈರಿನ ಎತ್ತರವು ಅವಕಾಶ ಕೊಡುವವರೆಗೆ, ಎಡೆಕುಂಟೆ ಹೊಡೆದು ಬಿರುಕುಗಳನ್ನು ಸಡಿಲ ಮಣ್ಣಿನಿಂದ ಮುಚ್ಚಬೇಕು.

ಹುಳುಗಳ ಬಾಧೆ

ತಂಪಾದ ಮೋಡದ ದಿನಗಳಲ್ಲಿ ಕುಸುಬೆಯ ಹೇನು ಹೆಚ್ಚುತ್ತದೆ. ಬಿಸಿಲೇರಿದ ಮೇಲೆ ತಾನಾಗಿ ತಗ್ಗುತ್ತದೆ. ಕಡಲೆಯ ಕಾಯಿಕೊರಕ ಹುಳುವಾದರೋ ಚಳಿ ಇಳಿದಂತೆ ಚುರುಕಾಗುತ್ತದೆ. ಹೊಲದಲ್ಲಿ ಹಕ್ಕಿಗಳು ಕೂಡಲು ಕವಲುಕಡ್ಡಿಗಳನ್ನು ನೆಟ್ಟು, ಎಕರೆಗೆ 2 ಮೋಹಕ ಬಲೆಗಳನ್ನು ಕಟ್ಟಿ, ಸಾಲಿನಲ್ಲಿ ಮೀಟರಿಗೆ ಒಂದು ಹುಳು ಕಂಡುಬಂದರೆ ಲೀಟರಿಗೆ 50 ಗ್ರಾಂ ಪ್ರಮಾಣದ ಬೇವಿನ ಬೀಜದ ಕಷಾಯವನ್ನು ಸಂಜೆಯ ವೇಳೆ ಸಿಂಪಡಿಸತಕ್ಕುದು. ಹುಳು ಎಳೆಯದಾಗಿರುವಾಗ ಮಾತ್ರ ಇದು ಫಲಕಾರಿ.

ಕೊಯ್ಲಿನ ಎಚ್ಚರಿಕೆ

ಚಳಿ ಬಿಟ್ಟು ನೆಲ ಕಾದಾಗ, ತೇವದ ಗಾಳಿ ಸೇರಿದರೆ ಗುಡುಗುಮಳೆಯೂ ಆಲಿಕಲ್ಲೂ ಬೀಳುವ ಸಂಭವವುಂಟು. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದ ಕೆಲವೆಡೆಗಳಲ್ಲಿಯೂ ಬಿದ್ದ ಆಲಿಕಲ್ಲು ಮಳೆಯಿಂದ ನಿಂತ ಪೈರೂ ಕೊಯ್ದ ಪೈರೂ ಹಾಳಾದುದು ಮರೆಯತಕ್ಕುದಲ್ಲ. ಮಾಗಿದ ಜೋಳವನ್ನು ಆಳು ಸಿಗಲಿಲ್ಲವೆಂದು ಹೊಲದಲ್ಲಿಯೇ ಬಿಡದೆ, ಕೊಯ್ದ ಸಿವುಡುಗಳನ್ನು ಕಣದಲ್ಲಿ ಗೂಡು ಹಾಕಿ, ಹೊದಿಸಲು ತಾಡಪತ್ರಿಯನ್ನು ಮೊದಲೇ ಒದಗಿಸಿಕೊಂಡಿರಬೇಕು.

ಗ್ರಾಮದ ಹಿರಿಯರ ಕರ್ತವ್ಯ

ಗ್ರಾಮದ ಮುಖಂಡರು ಒಂದು ಉಷ್ಣಮಾಪಕವನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ತೂಗಿಸಿ, ಸೂರ್ಯೋದಯದ ಹೊತ್ತಿನ ಅಂಕಿಯನ್ನೂ ಗಾಳಿಯ ದಿಕ್ಕನ್ನೂ ಎಳ್ಳಮಾವಾಸ್ಯೆಯಿಂದ ಶಿವರಾತ್ರಿಯವರೆಗೆ ಬರೆದಿಡುವ ಏರ್ಪಾಡು ಮಾಡಿದರೆ ಊರಿಗೆ ಉಪಕಾರವಾಗುತ್ತದೆ. ನೆಲಕ್ಕೆ ಹತ್ತಿದ ಪೈರಿನಲ್ಲಿ ಚಳಿಯು ಆ ಅಂಕಿಗಿಂತಲೂ ಕೆಲವು ಡಿಗ್ರಿ ಹೆಚ್ಚಾಗಿರುತ್ತದೆಂಬುದು ನೆನಪಿನಲ್ಲಿರಬೇಕು. ಹವಾಮಾನ ಇಲಾಖೆಯ ಮುನ್ಸೂಚನೆಯು ಜಿಲ್ಲೆಯ ಸಂಗತಿಯನ್ನು ತಿಳಿಸುತ್ತದೆ. ಊರಿನ ತಗ್ಗು ದಿನ್ನೆಗಳ ಸಂಗತಿಯನ್ನು ಈ ಪುಸ್ತಕವೇ ತಿಳಿಸಬೇಕು. ಎರಡು ಮೂರು ವರ್ಷದ ಅಂಕಿಗಳು ಸೇರಿದರೆ, ಯಾವ ಹೊಲದಲ್ಲಿ ಮುಂಚಿತವಾಗಿ ಬಿತ್ತಬೇಕು, ಯಾವ ಹೊಲಕ್ಕೆ ನೀರು ಮೊದಲು ಸಲ್ಲಬೇಕು ಎಂಬ ವಿವಾದಗಳು ಮಾತಿನಿಂದಲ್ಲದೆ ಲೆಕ್ಕದಿಂದ ತೀರುವುವು.