ಯೂನಿವರ್ಸಿಟಿ ಆಮೇಲೆ, ಗೈಡ್ ಮೊದಲು

ಫೈನಲ್ ಇಯರ್ ಶುರುವಾದಾಗ ಹಾಸ್ಟೆಲ್‌ನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಎಲ್ಲೆಲ್ಲಿ ಅಪ್ಲೈ ಮಾಡ್ತಿದ್ದೀಯಾ?" "ಯಾರ ಹತ್ರ?" ಅಂತ ಯಾರೂ ಕೇಳಲಿಲ್ಲ. ಅಮೆರಿಕದಲ್ಲಿ ಪಿಎಚ್‌ಡಿ ಅಂದ್ರೆ ಸಾಮಾನ್ಯವಾಗಿ ಐದಾರು ವರ್ಷ. ಅಷ್ಟೂ ದಿನ ನಮ್ಮ ವಿಷಯ, ಸ್ಟೈಪೆಂಡ್, ಮುಂದಿನ ಶಿಫಾರಸು ಪತ್ರ ಬಹುಪಾಲು ಒಬ್ಬ ಗೈಡ್ ಕೈಯಲ್ಲಿರುತ್ತದೆ. ಈ ಸಲ ಅಪ್ಲೈ ಮಾಡಿದ ನಾವು ನಾಲ್ವರು ತಡವಾಗಿ ಕಲಿತದ್ದು ಇಲ್ಲಿದೆ.

ಮೊದಲು, ಸೀಟು ಕೊಡೋದು ಯಾರು ಅಂತ ತಿಳಿದುಕೊಳ್ಳಿ. ಕೆಲವು ವಿಭಾಗಗಳಲ್ಲಿ ಸಮಿತಿ ಆರಿಸುತ್ತದೆ. ಗೈಡ್ ಆಯ್ಕೆ ಸೇರಿದ ಮೇಲೆ. ಇನ್ನು ಕೆಲವು ಕಡೆ ಪ್ರೊಫೆಸರೊಬ್ಬರು ಒಪ್ಪಿದರಷ್ಟೇ ಸೀಟು. ಅಂಥಲ್ಲಿ ಮೊದಲೇ ಮೇಲ್ ಹಾಕಬೇಕು. ನಾವು ಹೆಸರು ಮಾತ್ರ ಬದಲಿಸಿ ಮೂವತ್ತು ಜನಕ್ಕೆ ಒಂದೇ ಮೇಲ್ ಕಳಿಸಿದೆವು. ಒಂದೂ ಉತ್ತರ ಬರಲಿಲ್ಲ. ಅವರ ಇತ್ತೀಚಿನ ಪೇಪರ್ ಓದಿ, ಅದಕ್ಕೂ ನಮ್ಮ ಪ್ರಾಜೆಕ್ಟ್‌ಗೂ ಇರುವ ನಂಟನ್ನು ನಾಲ್ಕು ಸಾಲಲ್ಲಿ ಬರೆದ ಮೇಲೆ ಇಬ್ಬರು ಉತ್ತರಿಸಿದರು.

ಎರಡನೆಯದು, ದೊಡ್ಡ ಹೆಸರಿಗೆ ಮರುಳಾಗಬೇಡಿ. ದೂರದ ಬೆಟ್ಟ ನುಣ್ಣಗೆ. ಹೆಸರಾಂತರ ಲ್ಯಾಬ್‌ನಲ್ಲಿ ಫಂಡಿಂಗ್, ಪರಿಚಯ ಎರಡೂ ಹೆಚ್ಚು. ಆದರೆ ಅವರು ವಾರಕ್ಕೊಮ್ಮೆ ಸಿಗ್ತಾರೋ, ತಿಂಗಳಿಗೊಮ್ಮೆಯೋ? ಹೊಸ ಅಸಿಸ್ಟೆಂಟ್ ಪ್ರೊಫೆಸರ್ ಪಕ್ಕದಲ್ಲೇ ಕೂತು ಕಲಿಸಬಹುದು. ಆದರೆ ಅವರಿಗೆ ಟೆನ್ಯೂರ್, ಅಂದರೆ ಕಾಯಂ ಹುದ್ದೆ, ಸಿಗದಿದ್ದರೆ ಅವರು ಜಾಗ ಬಿಡಬೇಕಾಗುತ್ತದೆ. ನಮ್ಮ ಕೆಲಸ ಅರ್ಧಕ್ಕೆ ನಿಂತೀತು. ಅವರು ಸೇರಿ ಎಷ್ಟು ವರ್ಷವಾಯಿತು ಅಂತ ನೋಡಿಕೊಳ್ಳಿ.

ಮೂರನೆಯದು, ಅವರ ವಿದ್ಯಾರ್ಥಿಗಳನ್ನು ಕೇಳಿ. ಮೇಲ್‌ನಲ್ಲಿ ಬೇಡ, ಫೋನಿನಲ್ಲಿ. ಮುಗಿಸೋಕೆ ಎಷ್ಟು ವರ್ಷ ಹಿಡಿಯುತ್ತೆ? ಬೇಸಿಗೆಯಲ್ಲೂ ಸ್ಟೈಪೆಂಡ್ ಬರುತ್ತಾ? ಪ್ರಯೋಗ ಕೈಕೊಟ್ಟಾಗ ಅವರು ಹೇಗೆ ನಡ್ಕೊಂಡ್ರು? ಅರ್ಧಕ್ಕೆ ಬಿಟ್ಟವರು ಯಾಕೆ ಬಿಟ್ರು? ಇಲ್ಲೇ ಪಿಎಚ್‌ಡಿ ಮಾಡುವವರು ಶೋಧಗಂಗಾದಲ್ಲಿ ಗೈಡ್ ಹೆಸರು ಹಾಕಿ ಹುಡುಕಿ. ಅವರ ಕೈಕೆಳಗೆ ಬಂದ ಪ್ರಬಂಧಗಳನ್ನು ಓದಬಹುದು.

ಆಫರ್ ಬಂದ ಕೂಡಲೇ ಹೂಂ ಅನ್ನಬೇಡಿ. ಅಮೆರಿಕದ ಬಹಳಷ್ಟು ಯೂನಿವರ್ಸಿಟಿಗಳು ಸ್ಟೈಪೆಂಡ್ ಸಹಿತದ ಆಫರ್‌ಗೆ ಉತ್ತರಿಸಲು ಏಪ್ರಿಲ್ 15ರವರೆಗೆ ಸಮಯ ಕೊಡಲು ಒಪ್ಪಿಕೊಂಡಿವೆ. ವಿಚಾರಿಸಲು ಅಷ್ಟು ಸಾಕು.

ನಮ್ಮಲ್ಲೊಬ್ಬಳಿಗೆ ಕನಸಿನ ಲ್ಯಾಬ್‌ನಿಂದಲೇ ಆಫರ್ ಬಂತು. ಅಲ್ಲೇ ಓದುತ್ತಿದ್ದ ಸೀನಿಯರ್ ಅಕ್ಕನಿಗೆ ಫೋನ್ ಮಾಡಿ, "ಇನ್ನೊಂದ್ಸಲ ಆರಿಸೋದಾದ್ರೆ ಇವರನ್ನೇ ಆರಿಸ್ತೀರಾ ಅಕ್ಕಾ?" ಅಂತ ಕೇಳಿದಳು. ಅಕ್ಕ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಟಾಪಿಕ್ ಚೆನ್ನಾಗಿದೆ ಕಣೇ" ಅಂದರು. ಅಷ್ಟೇ.

ಅವಳು ರ‍್ಯಾಂಕಿಂಗ್‌ನಲ್ಲಿ ಕೆಳಗಿದ್ದ ಇನ್ನೊಂದು ಆಫರ್ ಒಪ್ಪಿಕೊಂಡಳು. ಆಗಸ್ಟ್‌ನಲ್ಲಿ ಹೊರಡುತ್ತಾಳೆ.